ದಾರಿ ರೊಕ್ಕ

ಕಂಪ್ಲಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದ್ದು ಕೂಡ ತಾನು ಮಾಡಿದ ಇನ್ನೊಂದು ತಪ್ಪು ಎಂದು ಬಸವಕುಮಾರನಿಗೆ ಅನ್ನಿಸಿತು. ಪಕ್ಕದಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬೆವರುತ್ತಿದ್ದ ಮುದುಕಿಗೆ ಗಾಳಿಯ ಕಡೆಯ ಜಾಗ ಬಿಟ್ಟುಕೊಡಬೇಕೆಂದು ಏಳಲು ಹೋದ. ಎದ್ದರೆ ಏನಾದರೂ ಒಂದು ಮಾತಾಡಬೇಕಾಗುತ್ತದೆ ಎನ್ನಿಸಿ, ಪ್ಯಾಂಟು ಸರಿಮಾಡಿಕೊಂಡವನ ಹಾಗೆ ನಟಿಸಿ ಮತ್ತೆ ಕೂತ. ಅವನು ಹೊರಟಿದ್ದು ಅಕ್ಕ ಕೊಟ್ರಮ್ಮನ ಮನೆಗೆ, ಒಂದು ಹಳೆಯ ಪುಸ್ತಕ ತರಲು. ಆ ಪುಸ್ತಕ ಹೋದ ವಾರದವರೆಗೆ ಇದ್ದದ್ದು ಹೊಸಪೇಟೆಯಲ್ಲೇ, ಅವನ ಮನೆಯಿಂದ ಎರಡು ಓಣಿ ಆಚೆ, ಗೆಳೆಯ ಸಿದ್ದಲಿಂಗೇಶನ ಮನೆಯಲ್ಲಿ. ಚಪ್ಪಲಿ ಮೆಟ್ಟಿಕೊಂಡು ಹೋಗಿದ್ದರೆ ಒಲೆಯ ಮೇಲಿಟ್ಟ ಹಾಲು ಉಕ್ಕುವುದರೊಳಗೆ ತಂದುಬಿಡಬಹುದಿತ್ತು. ಅದನ್ನು ಇಂಟರ್‌ನೆಟ್ಟಿನಲ್ಲಿ ಕೊಂಡು, ಪುಸ್ತಕದ ಬೆಲೆಗಿಂತ ಹೆಚ್ಚು ಸಾಗಣೆ ವೆಚ್ಚ ಕಟ್ಟಿ, ಅಕ್ಕನ ಹೆಸರಿಗೆ ಕಂಪ್ಲಿಗೆ ಕಳಿಸಲು ಹೇಳಿ, ಈಗ ಅದರ ಮೇಲೆ ಬಸ್ ಚಾರ್ಜನ್ನೂ ಕೊಟ್ಟು ತರಲು ಹೊರಟಿದ್ದ. ಕೊಂಕಣ ಸುತ್ತಿ ಮೈಲಾರಕ್ಕೆ ಹೋದರು ಅನ್ನುತ್ತಾರಲ್ಲ, ಅವರಿಗಾದರೂ ದಾರಿ ಗೊತ್ತಿರಲಿಲ್ಲ. ಇವನಿಗೆ ಗೊತ್ತಿತ್ತು. ಹೆಂಡತಿ ಪೂಜಿತಾಳಿಗೆ, ಅಕ್ಕನಿಗೆ ಮೈಯಾಗ ಆರಾಮಿಲ್ಲಂತ ಎಂದು ಹೇಳಿ ಬಂದಿದ್ದ. ಗುಂಡುಕಲ್ಲಿನ ಹಾಗಿದ್ದ ಅಕ್ಕನನ್ನು ಸುಮ್ಮಸುಮ್ಮನೆ ಮಲಗಿಸಿದ್ದಕ್ಕೆ ಈಗ ಕಮಲಾಪುರದ ಕೆರೆ ದಾಟುವಾಗ ಬೇರೆಯದೇ ಒಂದು ಕಸಿವಿಸಿ ಶುರುವಾಗಿತ್ತು.

ಸಿದ್ದಲಿಂಗೇಶ ಸತ್ತು ವರ್ಷವಾಗಿತ್ತು. ಸಾವಾದ ಮನೆಗೆ ಹೋಗಿ ಉಳಿದವರನ್ನು ಮಾತಾಡಿಸಿ ಬರಬೇಕು. ಮಣ್ಣಿಗೆ ಹೋಗಲಾಗದವರು ಮೂರನೆಯ ದಿನಕ್ಕೋ ಹನ್ನೊಂದನೆಯ ದಿನಕ್ಕೋ ಹೋಗಬೇಕು, ಅದೂ ತಪ್ಪಿದರೆ ವಾರ ನೋಡಿಕೊಂಡು ಯಾವಾಗಲಾದರೂ. ಅಲ್ಲಿ ಹೇಳುವುದಾದರೂ ಏನಿರುತ್ತದೆ? ಚಾಪೆಯ ಮೇಲೆ ಕೂರಬೇಕು, ಹಿಂಗ ಆಗಬಾರದಿತ್ತು ಅನ್ನಬೇಕು, ಕೊಟ್ಟರೆ ನೀರು ಕುಡಿಯಬೇಕು, ಏಳುವಾಗ ಹೋಗಿ ಬರ್ತೀನಿ ಅನ್ನದೆ ಸುಮ್ಮನೆ ಎದ್ದು ಬರಬೇಕು. ಅಂಥ ಮನೆಗೆ ಮತ್ತೆ ಬರುತ್ತೇನೆ ಎಂದು ಯಾರೂ ಹೇಳುವುದಿಲ್ಲ. ಇಷ್ಟೇ ಕೆಲಸ. ಇಷ್ಟು ಮಾಡದವನು ಆ ಮನೆಯವರು ಬಜಾರದಲ್ಲಿ ಎದುರಾದರೆ ಯಾವ ಮುಖ ಇಟ್ಟುಕೊಂಡು ಆರಾಮೇನ್ರಿ ಎಂದಾನು? ಒಮ್ಮೆ ಹೂವಿನ ಅಂಗಡಿಗಳ ಹತ್ತಿರ ಸಿದ್ದಲಿಂಗೇಶನ ಹೆಂಡತಿ ತ್ರಿವೇಣಿ ಎದುರಿಗೆ ಬರುವುದನ್ನು ಕಂಡು, ಬೂಟಿನ ಲೇಸು ಕಟ್ಟಿಕೊಳ್ಳುವವನ ಹಾಗೆ ಬಗ್ಗಿ ಕೂತುಬಿಟ್ಟಿದ್ದ. ಕಾಲಲ್ಲಿದ್ದದ್ದು ಚಪ್ಪಲಿ. ಅವಳ ಸೀರೆಯ ಅಂಚು ಅವನ ಪಕ್ಕದಲ್ಲೇ ಒಂದು ಕ್ಷಣ ನಿಂತು ಮುಂದೆ ಹೋಯಿತು. ನಿಂತಿತ್ತೋ, ನಿಂತಂತೆ ತನಗೆ ಅನ್ನಿಸಿತ್ತೋ, ಇಂದಿಗೂ ಅವನಿಗೆ ತಿಳಿದಿಲ್ಲ.

ಮುಂದಿನ ಸೀಟಿನಲ್ಲಿ ಇಬ್ಬರು ಲಾರಿಯ ಮಾತಾಡುತ್ತಿದ್ದರು. ಚೀನಾದಲ್ಲಿ ಒಲಿಂಪಿಕ್ಸ್ ಮುಗಿದು ಅದಿರಿನ ರೇಟು ಬಿದ್ದಿದೆಯಂತೆ, ಕಂತು ಕಟ್ಟಲಾಗದವರ ಲಾರಿಗಳು ಯಶವಂತನಗರದ ಬಯಲಲ್ಲಿ ಸಾಲಾಗಿ ನಿಂತಿವೆಯಂತೆ. ಸಾಲು ಎಂಬ ಮಾತು ಕಿವಿಗೆ ಬಿದ್ದದ್ದೇ ಬಸವಕುಮಾರ ಕಿಟಕಿಯ ಕಡೆ ಮುಖ ತಿರುಗಿಸಿದ. ಅವನ ಕೆಲಸವೇ ಸಾಲಿನದು. ಪಾಪಿನಾಯಕನಹಳ್ಳಿಯ ಹತ್ತಿರ ಹೆದ್ದಾರಿಯ ಪಕ್ಕದಲ್ಲಿ ಲಾರಿ ತೂಗುವ ಕಾಟಾ. ಅದರ ಪಕ್ಕದ ಗಾಜಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಅವನು. ಲಾರಿ ಹತ್ತಿ ನಿಲ್ಲುತ್ತದೆ, ಪರದೆಯ ಮೇಲೆ ಒಂದು ತೂಕ ಬರುತ್ತದೆ, ಅವನ ಕೈಯ ಚೀಟಿಯಲ್ಲಿ ಪರ್ಮಿಟ್ ಇದ್ದಷ್ಟು ಮಾತ್ರ ಬರುತ್ತದೆ. ನಡುವೆ ಉಳಿಯುವ ಟನ್ನುಗಳು ಎಲ್ಲಿ ಹೋಗುತ್ತವೆ ಎಂದು ಯಾರೂ ಕೇಳುವುದಿಲ್ಲ. ಅವು ಲಾರಿಯ ಮೇಲೇ ಇರುತ್ತವೆ, ಅದೇ ದಾರಿಯಲ್ಲಿ ಹೋಗುತ್ತವೆ. ಗಾದಿಗನೂರಿನ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದ ಸಿದ್ದಲಿಂಗೇಶನೂ ಅದೇ ದಾರಿಯಲ್ಲಿ ದಿನಾ ಬೈಕಿನ ಮೇಲೆ ಹೊಸಪೇಟೆಗೆ ಮರಳುತ್ತಿದ್ದ, ಬಿಳಿ ಅಂಗಿ ಹಾಕಿಕೊಂಡು ಹೋಗಿ ಅದಿರಿನ ಧೂಳು ಹತ್ತಿ ಕೆಂಪು ಅಂಗಿಯಲ್ಲಿ ವಾಪಸು ಬರುತ್ತಿದ್ದ. ಕಾಟಾದ ಮುಂದೆ ಎರಡು ಸಲ ಹಾರ್ನ್ ಹೊಡೆಯುತ್ತಿದ್ದ. ಬಸವಕುಮಾರ ಪರದೆಯಿಂದ ಕಣ್ಣು ತೆಗೆಯದೆ ಕೈ ಎತ್ತುತ್ತಿದ್ದ. ಆವತ್ತೂ ಹಾಗೆಯೇ ಎತ್ತಿದ್ದ. ಸ್ವಲ್ಪ ಹೊತ್ತಿಗೆ ಕಬ್ಬಿಣ ರಸ್ತೆಗೆ ಉಜ್ಜಿದ ಸದ್ದು, ಆಮೇಲೆ ಯಾರೋ ಓಡುತ್ತ ಬಂದು, ‘ಮೇಷ್ಟ್ರು ಬಿದ್ದಾರ್ರೀ, ಲಾರಿ ಬ್ರೇಕು ಹಿಡೀಲಿಲ್ಲಂತ’ ಎಂದು ಕೂಗಿದ್ದು. ಯಾವ ಮೇಷ್ಟ್ರು ಎಂದು ಅವನು ಕೇಳಲಿಲ್ಲ. ಎದ್ದು ನಿಂತ, ಗಾಜಿನಾಚೆ ಲಾರಿಗಳು ಒಂದರ ಹಿಂದೊಂದು ಹಾರ್ನ್ ಹೊಡೆಯುತ್ತಿದ್ದವು, ಸೂಪರ್‌ವೈಸರ್ ಬಾಗಿಲಲ್ಲಿ ತಲೆ ಹಾಕಿ, ‘ಸಾಲು ನಿಲ್ಲಿಸಬ್ಯಾಡ್ರಿ’ ಅಂದ. ಅವನು ಮತ್ತೆ ಕೂತು ಮುಂದಿನ ಚೀಟಿ ತೆಗೆದ. ನೆಲಕ್ಕೆ ಬಿದ್ದ ಮೇಲೂ ಸ್ವಲ್ಪ ಹೊತ್ತು ಜೀವ ಇತ್ತಂತೆ ಎಂಬುದು ಅವನಿಗೆ ಮರುದಿನ ಬೇರೆಯವರ ಬಾಯಿಂದ ತಿಳಿಯಿತು.

ಇದೆಲ್ಲವನ್ನೂ ನೆನೆಯಬಾರದೆಂದೇ ಅವನು ಭಾನುವಾರಗಳನ್ನು ನೆನೆಯುತ್ತಿದ್ದ. ಸ್ಟೇಷನ್ ರಸ್ತೆಯ ಇಂಟರ್‌ನೆಟ್ ಅಂಗಡಿಯಲ್ಲಿ ಒಂದೇ ಕಂಪ್ಯೂಟರಿನ ಮುಂದೆ ಎರಡು ಸ್ಟೂಲು ಎಳೆದುಕೊಂಡು ಇಬ್ಬರೂ ಹಳೆಯ ಪುಸ್ತಕ ಮಾರುವ ವೆಬ್‌ಸೈಟಿನಲ್ಲಿ ಬೆಳಗೆಲ್ಲ ಕಳೆಯುತ್ತಿದ್ದರು. ಪುಸ್ತಕಗಳೇನೋ ಕಡಲೆಪುರಿಯ ರೇಟಿಗೆ ಸಿಗುತ್ತಿದ್ದವು. ಕಣ್ಣು ಕುಕ್ಕುತ್ತಿದ್ದದ್ದು ಕೆಳಗಿನ ಇನ್ನೊಂದು ಸಾಲು, ಸಾಗಣೆ ವೆಚ್ಚ. ಮೂಗಿಗಿಂತ ಮೂಗುತಿ ಭಾರ. ಕಲ್ಕತ್ತೆಯ ಒಬ್ಬ ಆಸಾಮಿ ನಾಲ್ಕು ಪುಸ್ತಕವನ್ನು ಒಂದೇ ಕಟ್ಟಿನಲ್ಲಿ ಕಳಿಸಿ ನಾಲ್ಕು ಕಟ್ಟಿನ ಸಾಗಣೆ ಕಿತ್ತುಕೊಳ್ಳುತ್ತಿದ್ದ. ಇನ್ನೊಬ್ಬ ಕೊರಿಯರಿನ ರೇಟು ಹಾಕಿ ಬುಕ್ ಪೋಸ್ಟಿನಲ್ಲಿ ಕಳಿಸುತ್ತಿದ್ದ. ಸಿದ್ದಲಿಂಗೇಶ ಅವರಿಗೆಲ್ಲ ಇಂಗ್ಲಿಷಿನಲ್ಲಿ ಜಗಳದ ಪತ್ರ ಬರೆಯುತ್ತಿದ್ದ. ‘ಪುಸ್ತಕಕ್ಕ ರೊಕ್ಕ ಕೊಡ್ತೀನಿ. ದಾರಿಗ್ಯಾಕ ಕೊಡ್ಲಿ? ದಾರಿ ಏನು ಇವನ ಅಪ್ಪ ಹಾಕಿಸಿದ್ದೇನಲೇ?’ ಎನ್ನುತ್ತಿದ್ದ. ಹಾಗೆ ಸಾಗಣೆ ವೆಚ್ಚಕ್ಕೆ ಇಬ್ಬರ ನಡುವೆ ದಾರಿ ರೊಕ್ಕ ಎಂಬ ಹೆಸರು ಬಿತ್ತು. ಉಚಿತ ಸಾಗಣೆ ಎಂದು ಬರೆದಿದ್ದರಂತೂ ಅವನು ನಕ್ಕುಬಿಡುತ್ತಿದ್ದ. ‘ಎಮ್ಮಿಗೆ ಹಾಕಿದ ಹುಲ್ಲು ಹಾಲಿನ ರೇಟಿನಾಗ ಇರ್ತೈತಿ, ತಿಳ್ಕೋ.’ ಕೊನೆಗೆ ದಾರಿ ರೊಕ್ಕ ಉಳಿಸಲು ಇಬ್ಬರೂ ಒಬ್ಬನ ಹೆಸರಿನಲ್ಲೇ ತರಿಸಿ ಹಂಚಿಕೊಳ್ಳತೊಡಗಿದರು. ಎರಡು ಸಂಪುಟಗಳ ಆ ದಪ್ಪ ಕನ್ನಡ ನಿಘಂಟನ್ನು ತರಿಸಿದ್ದೂ ಹಾಗೆಯೇ. ಇಬ್ಬರಿಗೂ ಬೇಕಿತ್ತು, ಎರಡು ಜೊತೆ ತರಿಸಿದರೆ ಕಲ್ಲು ತರಿಸಿದಷ್ಟು ಭಾರ. ಒಂದೇ ಜೊತೆ ಬಂತು. ಅ ದಿಂದ ನ ವರೆಗಿನದು ಸಿದ್ದಲಿಂಗೇಶನಿಗೆ, ಪ ದಿಂದ ಮುಂದಿನದು ಇವನಿಗೆ. ಅನುಮಾನ ಬಂದಾಗ ಫೋನು. ‘ಲೇ, ನಿನ್ನ ಕಡೀಂದು ಒಂದು ಪದ ನೋಡಿ ಹೇಳೋ’ ಎಂದು ಸ್ಕೂಲಿನಿಂದ ಫೋನು ಬಂದರೆ ಬಸವಕುಮಾರ ಕಾಟಾದ ಕೋಣೆಯಲ್ಲೇ ನಗುತ್ತಿದ್ದ, ಡ್ಯೂಟಿಯ ಮೇಲೆ ಯಾವನಾದರೂ ನಿಘಂಟು ತರುತ್ತಾನೇನಲೇ ಎಂದು. ಆದರೆ ತರುತ್ತಿದ್ದ, ಊಟದ ಡಬ್ಬಿಯ ಜೊತೆ ಅದೇ ಚೀಲದಲ್ಲಿ.

ಮೂರು ವಾರದ ಹಿಂದೆ ಒಬ್ಬನೇ ಸ್ಟೂಲಿನ ಮೇಲೆ ಕೂತು ನೋಡುವಾಗ ಪರದೆಯ ಮೇಲೆ ಆ ಮೊದಲ ಸಂಪುಟ ಕಂಡಿತು. ಬೆನ್ನಿಗೆ ಹಸಿರು ಬಟ್ಟೆ ಅಂಟಿಸಿದ್ದು ಸಿದ್ದಲಿಂಗೇಶನೇ. ‘ಎರಡನೆಯ ಸಂಪುಟ ಇಲ್ಲ’ ಎಂದು ಕೆಳಗೆ ಬರೆದಿತ್ತು. ಮಾರುವವರ ಹೆಸರು ತ್ರಿವೇಣಿ, ಊರು ಹೊಸಪೇಟೆ. ಪುಸ್ತಕಕ್ಕೆ ಇಟ್ಟ ಬೆಲೆ ರದ್ದಿಗಿಂತ ಒಂದಿಷ್ಟು ಮೇಲೆ, ಸಾಗಣೆ ಅದರ ದುಪ್ಪಟ್ಟು. ಪಕ್ಕದಲ್ಲಿ ಇನ್ನೊಂದು ಆಯ್ಕೆ: ಮನೆಗೆ ಬಂದು ಒಯ್ದರೆ ಸಾಗಣೆ ಇಲ್ಲ. ಅವನು ಆ ಸಾಲನ್ನು ಮತ್ತೆ ಮತ್ತೆ ಓದಿದ. ಅವಳು ಗಂಡನ ಪುಸ್ತಕಗಳನ್ನೆಲ್ಲ ಮಾರುತ್ತಿದ್ದಾಳೆ ಎಂದು ಸಂಕಟವಾಯಿತು, ನಾನು ಅವಳ ಮನೆಗೆ ಹೋಗಿದ್ದರೆ ಕೇಳಬಹುದಿತ್ತಲ್ಲ ಎಂದು ಇನ್ನಷ್ಟು ಆಯಿತು. ಆ ಪುಸ್ತಕ ತನ್ನ ಕೈಗೆ ಬಂದುಬಿಟ್ಟರೆ ಆ ಮನೆಗೆ ಹೋಗಿ ಬಂದ ಹಾಗೇ ಆಗುತ್ತದೆ ಎಂಬ ಒಂದು ಮಳ್ಳ ಲೆಕ್ಕಾಚಾರವೂ ತಲೆಯೊಳಗೆ ಹೊಕ್ಕಿತು. ಅಕ್ಕನ ಹೆಸರು, ಅಕ್ಕನ ವಿಳಾಸ ಹಾಕಿ, ಸಾಗಣೆ ಸಹಿತ ಕಟ್ಟಿದ. ಸಿದ್ದಲಿಂಗೇಶ ಇದ್ದಿದ್ದರೆ ಬೆನ್ನ ಮೇಲೆ ಗುದ್ದಿ, ಎರಡು ಓಣಿಗೆ ದಾರಿ ರೊಕ್ಕ ಕೊಡ್ತೀಯೇನಲೇ ಎನ್ನುತ್ತಿದ್ದ. ಕೊಟ್ಟ. ಅವಳ ಮುಖ ನೋಡದೇ ಇರುವುದಕ್ಕೆ ಅದು ಬಹಳ ಅಗ್ಗ ಎಂದುಕೊಂಡು, ಹಾಗೆ ಅಂದುಕೊಂಡದ್ದಕ್ಕೆ ನಾಚಿಕೊಂಡು, ಅಂಗಡಿಯವನಿಗೆ ಚಿಲ್ಲರೆ ಬಿಟ್ಟು ಎದ್ದು ಬಂದ.

ಕಂಪ್ಲಿಯಲ್ಲಿ ಇಳಿದಾಗ ಭತ್ತ ಬೇಯಿಸುವ ವಾಸನೆ ಊರಿಗೆಲ್ಲ ಹರಡಿತ್ತು. ಇಲ್ಲಿಯ ಧೂಳು ಬೂದು ಬಣ್ಣದ್ದು, ತೌಡಿನದು. ಅಂಗಿಗೆ ಹತ್ತಿದರೂ ಝಾಡಿಸಿದರೆ ಹೋಗುತ್ತದೆ. ಕೊಟ್ರಮ್ಮ ಬಾಗಿಲಲ್ಲೇ ಸಿಕ್ಕಳು. ತಮ್ಮನನ್ನು ಒಳಗೆ ಬಾ ಎನ್ನುವ ಮೊದಲೇ ಅವಳ ಮುಖ ಗಂಟಿಕ್ಕಿತ್ತು.

‘ಪಾರ್ಸಲ್ ಬಂತೇನಕ್ಕಾ? ಪೋಸ್ಟಿನವ ತಂದುಕೊಟ್ನಾ?’

‘ಪೋಸ್ಟಿನವ ಅಲ್ಲೋ. ಆಕಿನ ಬಂದಿದ್ಲು. ನಿನ್ನ ಗೆಳೆಯನ ಹೆಂಡ್ತಿ, ತ್ರಿವೇಣಿ. ಮೊನ್ನೆ ಬಸ್ಸಿನ್ಯಾಗ, ಉರಿಬಿಸಿಲಾಗ, ಅಷ್ಟು ಭಾರಾ ಹೊತ್ಕೊಂಡು.’

ಬಸವಕುಮಾರ ಚಪ್ಪಲಿ ಬಿಡುತ್ತಿದ್ದವನು ಒಂದನ್ನು ಕಾಲಲ್ಲೇ ಉಳಿಸಿಕೊಂಡು ನಿಂತ. ಕೊಟ್ರಮ್ಮ ಒಳಗೆ ಹೋಗಿ ಖಾಕಿ ಕಾಗದದ ಕಟ್ಟನ್ನೂ, ಅದರ ಮೇಲೆ ಮಡಿಸಿಟ್ಟ ಒಂದೆರಡು ನೋಟನ್ನೂ ತಂದು ಅವನ ಕೈಗೆ ತುರುಕಿದಳು. ಗೋಡೆಯ ಮೇಲೆ ಅವನ ಮದುವೆಯ ಫೋಟೋ. ಅವನ ಪಕ್ಕದಲ್ಲಿ ಸಿದ್ದಲಿಂಗೇಶ, ಇಬ್ಬರಿಗೂ ಒಂದೇ ತಾನಿನಲ್ಲಿ ಹೊಲಿಸಿದ ಅಂಗಿ.

‘ಆ ಫೋಟೋ ಮುಂದ ಭಾಳೊತ್ತು ನಿಂತಿದ್ಲು. ಚಾ ಕುಡುದ್ಲು. ನೀ ಆರಾಮ ಅದೀಯೇನು ಅಂತ ಕೇಳಿದ್ಲು. ನಾನ ಬಾಯಿ ಬಿಟ್ಟೆ, ನಮ್ಮ ಬಸು ಬರ್ತಿರ್ತಾನಲ್ಲ ನಿಮ್ಮ ಮನಿಗೆ ಅಂತ. ಸುಮ್ನ ನಕ್ಳು. ಲೇ, ನೀ ಇನ್ನಾ ಮಾತಾಡ್ಸಾಕ ಹೋಗಿಲ್ಲೇನಲೇ? ವರ್ಷಾತಲ್ಲೋ! ನಾಚಿಕಿ ಅನ್ನೋದು ಐತೇನು ನಿನಗ?’

‘ಡ್ಯೂಟಿ ಇತ್ತಕ್ಕಾ.’

‘ವರ್ಷಾನಗಟ್ಲೆ ಡ್ಯೂಟಿ!’

‘ಈ ರೊಕ್ಕ ಎದಕ?’

‘ನನಗೇನ್ ಗೊತ್ತು. ದಾರಿ ರೊಕ್ಕ ಅಂತ ಹೇಳಿ ಕೊಡ್ರಿ, ಅವರಿಗೆ ತಿಳಿತೈತಿ ಅಂದ್ಲು.’

ಅವನಿಗೆ ತಿಳಿಯಿತು. ಸುಳ್ಳು ಹೇಳಿ ಸಿಕ್ಕಿಬಿದ್ದ ಹುಡುಗನಿಗಾದರೂ ಒಂದು ಏಟು ಬಿದ್ದು ಮುಗಿಯುತ್ತದೆ. ಇಲ್ಲಿ ಹೊಡೆಯುವವರು ಚಹಾ ಕುಡಿದು, ರೊಕ್ಕ ವಾಪಸು ಕೊಟ್ಟು, ಆರಾಮಾ ಎಂದು ಕೇಳಿ ಹೋಗಿದ್ದರು. ಅಕ್ಕ ಊಟಕ್ಕೆ ಕೂರಿಸಿದಳು. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ವಾಪಸು ಬಸ್ಸಿನಲ್ಲಿ ಕೂತಾಗ, ಅಂಚೆಯಲ್ಲಿ ಬಂದಿದ್ದರೆ ತಾನು ಇಷ್ಟು ಹೊತ್ತಿಗೆ ಏನು ಮಾಡುತ್ತಿದ್ದೆ ಎಂದು ಯೋಚಿಸಿದ. ಕಪಾಟಿನಲ್ಲಿ ಎರಡೂ ಸಂಪುಟ ಅಕ್ಕಪಕ್ಕ ಇಟ್ಟು, ಒಳ್ಳೆಯ ಗೆಳೆಯ ನಾನು ಎಂದುಕೊಂಡು, ಮರುದಿನ ಕಾಟಾಕ್ಕೆ ಹೋಗುತ್ತಿದ್ದೆ. ಈಗ ಆ ರೊಕ್ಕ ಅಂಗಿಯ ಜೇಬಿನಲ್ಲಿತ್ತು. ಅದನ್ನು ಇಟ್ಟುಕೊಳ್ಳುವ ಹಾಗಿಲ್ಲ, ಅಂಚೆಯಲ್ಲಿ ತಿರುಗಿ ಕಳಿಸುವ ಹಾಗಂತೂ ಇಲ್ಲವೇ ಇಲ್ಲ. ಹೊಸಪೇಟೆಯಲ್ಲಿ ಇಳಿದವನು ತನ್ನ ಓಣಿಯನ್ನು ದಾಟಿ ಮುಂದೆ ನಡೆದ. ಬಿಸಿಲು ಇನ್ನೂ ಇತ್ತು. ಇವತ್ತು ವಾರ ಯಾವುದು, ಅಂಥ ಮನೆಗೆ ಹೋಗಬಹುದೇ ಎಂದು ಕಾಲು ಒಂದು ಸಲ ತಡೆಯಿತು. ಇಷ್ಟು ದಿನ ತಡೆದದ್ದು ವಾರವಲ್ಲ ಎಂದು ತನಗೇ ಬೈದುಕೊಂಡ.

ಬಾಗಿಲು ತೆರೆದೇ ಇತ್ತು. ತ್ರಿವೇಣಿ ನಡುಮನೆಯಲ್ಲಿ ಪುಸ್ತಕಗಳ ನಡುವೆ ಕೂತು, ಕಿರಾಣಿ ಅಂಗಡಿಯ ಹಳೆಯ ತಕ್ಕಡಿಯಲ್ಲಿ ಒಂದು ಪುಸ್ತಕ ತೂಗುತ್ತಿದ್ದಳು. ತಲೆ ಎತ್ತಿ ನೋಡಿದಳು. ಅವಳ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ, ಅದೇ ಅವನಿಗೆ ಮೊದಲ ಪೆಟ್ಟು.

‘ಬರ್ರಿ ಅಣ್ಣಾರ, ಕುಂದ್ರಿ.’

ಅವನು ಮೂಲೆಯಲ್ಲಿದ್ದ ಚಾಪೆಯ ಮೇಲೆ ಕೂತ.

‘ಕೆಳಗ್ಯಾಕ್ರಿ, ಕುರ್ಚಿ ಐತಲ್ಲ.’

‘ಇರ್ಲಿರಿ ಅಕ್ಕಾರ.’ ಅವಳು ನೀರು ತಂದು ಕೊಟ್ಟಳು. ಕುಡಿದ. ವರ್ಷವೆಲ್ಲ ಬಾಯಲ್ಲಿ ಇಟ್ಟುಕೊಂಡಿದ್ದ ಮಾತನ್ನು ತೆಗೆದ. ‘ಹಿಂಗ ಆಗಬಾರದಿತ್ರಿ.’

‘ಹ್ಞೂಂರಿ’ ಎಂದಳು. ಯಾರೋ ದೂರದ ಊರಿನ ಸಂಗತಿ ಹೇಳಿದರೆ ಅನ್ನುವಂಥ ಹ್ಞೂಂ. ಅವಳು ತಕ್ಕಡಿಗೆ ಇನ್ನೊಂದು ತೂಕದ ಬೊಟ್ಟು ಹಾಕಿದಳು. ‘ಮೊದಮೊದಲು ಕೈಯಾಗ ಹಿಡಿದು ಅಂದಾಜು ಹಾಕ್ತಿದ್ದೆ. ಪೋಸ್ಟಿನ್ಯಾಗ ಹೆಚ್ಚಿಗಿ ಕೇಳ್ತಿದ್ರು, ಕೈಯಿಂದ ಹಾಕಿ ಬರ್ತಿದ್ದೆ. ಈಗ ಕಾಗದ, ಹಗ್ಗ ಎಲ್ಲಾ ಸೇರಿಸಿ ತೂಗ್ತೀನಿ. ನೀವು ತೂಕದವರು. ಸರಿ ಐತೇನ್ರಿ?’

ಅವನು ತೂಕದ ಬೊಟ್ಟುಗಳನ್ನು ನೋಡಿದ. ಸರಿಯಾಗಿತ್ತು. ಜೇಬಿನಿಂದ ನೋಟು ತೆಗೆದು ಚಾಪೆಯ ಮೇಲಿಟ್ಟ.

‘ಇದನ್ಯಾಕ ವಾಪಸ್ ಕೊಟ್ರಿ?’

‘ಪೋಸ್ಟಿಗೆ ಹಾಕಲಿಲ್ಲಲ್ರಿ. ಹೋಗದ ದಾರಿಗೆ ರೊಕ್ಕ ಹೆಂಗ ತಗೊಳ್ಳಲಿ?’

‘ಅಕ್ಕನ ಹೆಸರು ಹಾಕಿದ್ದೆ. ನಂದಂತ ಹೆಂಗ...’

‘ಒಂಟಿ ಸಂಪುಟ ಯಾರು ತಗೋತಾರ್ರಿ, ಎರಡನೇದು ಮನ್ಯಾಗ ಇದ್ದೋರನ್ನ ಬಿಟ್ಟು?’ ತ್ರಿವೇಣಿ ಮೊದಲ ಸಲ ಅವನ ಮುಖವನ್ನು ನೆಟ್ಟಗೆ ನೋಡಿದಳು. ‘ನೀವು ಬರಲಿ ಅಂತ ಅದನ್ನ ಹಾಕಿದ್ದೆ. ಪೋಸ್ಟಿನ್ಯಾಗ ಬರ್ತೀರಿ ಅಂತ ಗೊತ್ತಿರಲಿಲ್ಲ.’

ಬಸವಕುಮಾರ ತಲೆ ತಗ್ಗಿಸಿದ. ಇನ್ನು ಮುಚ್ಚಿಡಲು ಏನೂ ಉಳಿದಿಲ್ಲ ಅನ್ನಿಸಿ ಒಂದು ರೀತಿಯ ಧೈರ್ಯವೂ ಬಂತು. ಆವತ್ತಿನ ಲಾರಿ ತನ್ನ ಕಾಟಾದಿಂದಲೇ ಇಳಿದು ಹೋದದ್ದಿರಬೇಕು, ಚೀಟಿಯಲ್ಲಿ ಬರೆದದ್ದಕ್ಕಿಂತ ಲೋಡು ಜಾಸ್ತಿ ಇತ್ತು, ಚೀಟಿ ಬರೆದದ್ದು ತಾನು ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟ. ಹೇಳಿ ಮುಗಿಸಿ, ಬೈಗುಳಕ್ಕೆ ಕಾದವನ ಹಾಗೆ ಹೆಗಲು ಕುಗ್ಗಿಸಿದ.

‘ಅದು ಎಲ್ಲಾರಿಗೂ ಗೊತ್ತಿದ್ದದ್ದೇರಿ. ಅವರೂ ಹೇಳ್ತಿದ್ರು, ನಮ್ಮ ಬಸ್ಯಾ ಆನಿ ಹೋದ್ರೂ ಆಡು ಅಂತ ಬರೀತಾನ ಅಂತ. ನಗ್ತಿದ್ರು.’ ಅವಳು ತಕ್ಕಡಿಯ ತಟ್ಟೆಯಿಂದ ಪುಸ್ತಕ ಎತ್ತಿಕೊಂಡಳು. ‘ನಾ ಕೇಳಬೇಕಂತ ಇದ್ದದ್ದು ಅದಲ್ಲ. ಬಿದ್ದ ಮ್ಯಾಲ ಒಂದೀಟು ಜೀವ ಇತ್ತಂತ. ಕಾಟಾ ಅಲ್ಲೇ ಐತಿ, ಬಸವಕುಮಾರಣ್ಣ ಓಡಿ ಬಂದಿರ್ತಾರ, ಬಾಯಿಗೆ ನೀರರ ಹಾಕಿರ್ತಾರ, ನನಗ ಹೇಳಾಕ ಆಗದ ಮನಿಗೆ ಬರ್ತಾ ಇಲ್ಲ ಅಂತ ತಿಳ್ಕೊಂಡಿದ್ದೆ. ಗುರುತಿನೋರು ಒಬ್ಬರು ಇದ್ರಲ್ಲ ಅಂತ ಇಷ್ಟು ದಿನ ಸಮಾಧಾನ ಮಾಡ್ಕೊಂಡೀನಿ. ನೀರು ಕೇಳಿದ್ರೇನ್ರಿ ಅವರು? ಏನರ ಅಂದ್ರಾ?’

ಹೊರಗೆ ಓಣಿಯ ಕೊನೆಯಲ್ಲಿ ಒಂದು ಲಾರಿ ಗೇರು ಬದಲಿಸಿತು. ಬಸವಕುಮಾರನ ಬಾಯಲ್ಲಿ ಒಂದು ಸುಳ್ಳು ತಾನಾಗಿ ಸಿದ್ಧವಾಗುತ್ತಿತ್ತು. ಕುಡಿದ್ರು ರಿ, ನಿಮ್ಮ ಹೆಸರು ಹೇಳಿದ್ರು. ಎಷ್ಟು ಸುಲಭ. ಯಾರಿಗೂ ನಷ್ಟವಿಲ್ಲ. ಅವಳು ಈ ಮಾತನ್ನು ಸಾಯುವವರೆಗೆ ಇಟ್ಟುಕೊಳ್ಳುತ್ತಾಳೆ. ದಿನಾ ಎಷ್ಟು ಚೀಟಿ ಹಾಗೆ ಬರೆದುಕೊಟ್ಟಿಲ್ಲ ತಾನು. ತಕ್ಕಡಿಯ ತಟ್ಟೆ ಇನ್ನೂ ಸಣ್ಣಗೆ ಅಲ್ಲಾಡುತ್ತಿತ್ತು. ಅದು ನಿಲ್ಲುವವರೆಗೂ ಅವನು ಅದನ್ನೇ ನೋಡಿದ.

‘ನಾ ಹೋಗಲಿಲ್ರಿ ಅಕ್ಕಾರ’ ಅಂದ. ‘ಕೇಳಿಸಿತ್ತು. ಎದ್ದೆ. ಹೋಗಲಿಲ್ಲ. ಸಾಲು ಭಾಳ ಇತ್ತು.’

ಅವಳು ತೂಗಿದ ಪುಸ್ತಕವನ್ನು ಕಾಗದದಲ್ಲಿಟ್ಟು ಒಂದು ಮಗ್ಗುಲು ಮಡಿಸಿದಳು, ಇನ್ನೊಂದು ಮಗ್ಗುಲು ಮಡಿಸಿದಳು, ಹಗ್ಗ ಕೈಗೆ ಸಿಗದೆ ತಡಕಾಡಿದಳು. ಹಗ್ಗ ಅವನ ಮುಂದೆಯೇ ಬಿದ್ದಿತ್ತು. ಎತ್ತಿಕೊಟ್ಟ. ಅವಳ ಬೆರಳುಗಳು ಗಂಟು ಹಾಕಲು ಹೋಗಿ ತಪ್ಪಿದವು, ಮತ್ತೆ ಹಾಕಿದವು. ಕಣ್ಣೀರು ಬಂದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು, ಬರಲಿಲ್ಲ. ಇಷ್ಟು ದಿನ ಅವಳ ಮನೆಯಲ್ಲಿ ತಾನೊಬ್ಬ ಓಡಿ ಬಂದ ಗೆಳೆಯನಾಗಿ ಇದ್ದೆ ಎಂಬುದು, ಈಗಷ್ಟೇ ಅಲ್ಲಿಂದ ತನ್ನನ್ನು ತಾನೇ ಹೊರಗೆ ಹಾಕಿಕೊಂಡೆ ಎಂಬುದು ಅವನಿಗೆ ನಿಧಾನವಾಗಿ ಅರ್ಥವಾಯಿತು. ನಿಘಂಟಿನ ಕಟ್ಟನ್ನು ಎತ್ತಿಕೊಂಡ. ಅಂಥ ಮನೆಯಿಂದ ಏಳುವ ಹಾಗೆ, ಒಂದು ಮಾತೂ ಆಡದೆ ಎದ್ದು ಬಾಗಿಲಿಗೆ ಬಂದು ಚಪ್ಪಲಿಯಲ್ಲಿ ಕಾಲು ತೂರಿಸಿದ.

‘ಅಣ್ಣಾರ.’

ತಿರುಗಿ ನೋಡಿದ. ತ್ರಿವೇಣಿ ಗಂಟಿನ ಮೇಲೆ ಇನ್ನೊಂದು ಗಂಟು ಬಿಗಿಯುತ್ತಿದ್ದಳು.

‘ಆವತ್ತೂ ಸುಮ್ನ ಇದ್ರಿ. ಇವತ್ತರ ಹೇಳಿ ಹೋಗ್ರಿ.’

ಅವನು ಹೊಸ್ತಿಲ ಆಚೆ ನಿಂತು, ‘ಹೋಗಿ ಬರ್ತೀನ್ರಿ ಅಕ್ಕಾರ’ ಅಂದ. ಅದು ಅವನ ಕಿವಿಗೇ ಸರಿಯಾಗಿ ಬೀಳಲಿಲ್ಲ.

‘ಕೇಳಿಸಲಿಲ್ರಿ’ ಅಂದಳು ತ್ರಿವೇಣಿ.

ಎದುರು ಮನೆಯ ಕಟ್ಟೆಯ ಮೇಲೆ ಕೂತಿದ್ದವರು ತಲೆ ಎತ್ತಿ ನೋಡಿದರು. ಬಸವಕುಮಾರ ಪುಸ್ತಕವನ್ನು ಎದೆಗೆ ಅವಚಿಕೊಂಡು, ಓಣಿಗೆಲ್ಲ ಕೇಳಿಸುವ ಹಾಗೆ ಇನ್ನೊಂದು ಸಲ ಹೇಳಿದ.